ಎಲ್ಲಾನೂ ಶುಗರ್ ತಲೆಗೆ ಕಟ್ಟಬೇಡಿ (ಭಾಗ 4)

ಹದಿನೈದು ವರ್ಷದ ಹುಡುಗಿಗೆ ಟೈಪ್ 1 ಡಯಾಬಿಟಿಸ್ ಇದೆ ಅಂದ್ಕೊಳ್ಳಿ. ಕೈ ನಡುಗಿದ್ರೆ ‘ಶುಗರ್ ಲೋ ಆಗಿದೆ, ಗ್ಲೂಕೋಸ್ ಕೊಡಿ’. ಸುಸ್ತು ಅಂದ್ರೆ ‘ಶುಗರ್ ಜಾಸ್ತಿ’. ಲಿವರ್ ಟೆಸ್ಟಲ್ಲಿ ಎಸ್‌ಜಿಪಿಟಿ ಏರಿದ್ರೂ ‘ಶುಗರ್ ಕಂಟ್ರೋಲಲ್ಲಿ ಇಲ್ವಲ್ಲ, ಅದಕ್ಕೇ’. ಎಷ್ಟೋ ಸಲ ಇದು ನಿಜಾನೇ. ಆದ್ರೆ ಶುಗರ್ ಹತೋಟಿಗೆ ಬಂದ್ಮೇಲೂ ಎಸ್‌ಜಿಪಿಟಿ ಇಳೀದಿದ್ರೆ? ಗ್ಲೂಕೋಮೀಟರ್ 110 ತೋರಿಸ್ತಿರುವಾಗ್ಲೂ ಕೈ ನಡುಗ್ತಿದ್ರೆ? ಆಗ್ಲೂ ಶುಗರ್‌ನೇ ಬೈತಾ ಕೂರೋದು ಸೋಮಾರಿತನ ಅಂತೀನಿ ನಾನು.

ವಿಲ್ಸನ್ ಕಾಯಿಲೆ ಅಂತ ಒಂದಿದೆ. ಅಂದಾಜು 30,000 ಜನರಲ್ಲಿ ಒಬ್ಬರಿಗೆ. ನಾವು ತಿನ್ನೋ ಕಾಳು, ಗೋಡಂಬಿಯಲ್ಲೆಲ್ಲಾ ಚೂರು ತಾಮ್ರ ಇರುತ್ತೆ. ಹೆಚ್ಚಾದದ್ದನ್ನ ಲಿವರ್ ಪಿತ್ತರಸದ ಜೊತೆ ಹೊರಗೆ ಹಾಕುತ್ತೆ. ಎಟಿಪಿ7ಬಿ ಅನ್ನೋ ಜೀನ್ ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಕೆಟ್ಟು ಬಂದಿದ್ರೆ ಆ ಕೆಲಸ ಸರಿಯಾಗಿ ನಡೆಯಲ್ಲ. (ಬಿಕಾಂ ಭಾಷೇಲಿ: ಬರೀ ಜಮಾ, ಖರ್ಚೇ ಇಲ್ಲ.) ತಾಮ್ರ ಲಿವರಲ್ಲಿ ಕೂಡಿಕೊಂಡು, ಆಮೇಲೆ ಮಿದುಳಿಗೂ ಕಣ್ಣಿಗೂ ಹೋಗುತ್ತೆ. ಅಕ್ಷರ ಕೆಡುತ್ತೆ, ಮಾತು ತೊದಲುತ್ತೆ, ಜೊಲ್ಲು ಸುರಿಯುತ್ತೆ, ಸುಮ್‌ಸುಮ್ನೆ ಸಿಟ್ಟು ಬರುತ್ತೆ. ಮನೇಲಿ ಅದಕ್ಕೆ ‘ವಯಸ್ಸಿನ ಕೊಬ್ಬು’ ಅಂತ ಹೆಸರು.

ಡಯಾಬಿಟಿಸ್‌ನಿಂದ ಇದು ಬರಲ್ಲ. ಎರಡೂ ಒಟ್ಟಿಗಿರೋದು ತೀರಾ ಅಪರೂಪ. ಅದಕ್ಕೇ ಯಾರ ತಲೆಗೂ ಹೊಳೆಯಲ್ಲ, ಮೊದಲನೇ ಕಾಯಿಲೆ ಹಿಂದೆ ಎರಡನೇದು ಅಡಗಿಬಿಡುತ್ತೆ. ಹುಡುಕೋಕೆ ಮಾತ್ರ ದಾರಿಗಳಿವೆ: ರಕ್ತದಲ್ಲಿ ಸೆರುಲೋಪ್ಲಾಸ್ಮಿನ್, 24 ಗಂಟೆ ಮೂತ್ರದಲ್ಲಿ ತಾಮ್ರ, ಕಣ್ಣಿನ ಡಾಕ್ಟರ್ ಸ್ಲಿಟ್ ಲ್ಯಾಂಪಲ್ಲಿ ನೋಡೋ ಕಾರ್ನಿಯಾ ಅಂಚಿನ ಕಂದು ಉಂಗುರ. 1912ರಲ್ಲಿ ವಿಲ್ಸನ್ ಇದರ ಬಗ್ಗೆ ಬರೆದಾಗ ಮದ್ದೇ ಇರಲಿಲ್ಲ. 1956ರಲ್ಲಿ ಜಾನ್ ವಾಲ್ಶ್ ಪೆನಿಸಿಲಮಿನ್ ತಂದ್ರು. ಈಗ ಟ್ರೈಎಂಟಿನ್, ಜಿಂಕ್ ಕೂಡ ಇವೆ. ಜೀವನಪೂರ್ತಿ ತಗೋಬೇಕು ನಿಜ, ಆದ್ರೆ ಬೇಗ ಶುರುವಾದ್ರೆ ಮಾಮೂಲಿ ಬದುಕು ಸಾಧ್ಯ. ಯಾವ್ದೋ ದೇಶದ ಕಥೆ ಅಲ್ಲ ಇದು. ನಮ್ಮ ನಿಮ್ಹಾನ್ಸ್‌ನವರೇ ಮೂರು ದಶಕದಲ್ಲಿ ನೋಡಿದ 282 ರೋಗಿಗಳ ಬಗ್ಗೆ 2007ರಲ್ಲಿ ಬರೆದಿದ್ದಾರೆ.

ಇನ್ನು ರೀಲ್ಸ್. ‘ತಾಮ್ರದ ಚೊಂಬಿನ ನೀರು ಕುಡೀರಿ, ಶುಗರ್, ಲಿವರ್ ಎಲ್ಲಾ ಕ್ಲಿಯರ್!’ ಗುರೂ, ನಿನ್ನ ವೀಡಿಯೋ ಯಾರ್ಯಾರು ನೋಡ್ತಾರೆ ಅಂತ ಗೊತ್ತಾ? ಈ ಕಾಯಿಲೆ ಇರೋರಿಗೆ ಡಾಕ್ಟರು ಮೊದಲು ಬಿಡಿಸೋದ್ರಲ್ಲಿ ಆ ಚೊಂಬೂ ಒಂದು. ಎಲ್ಲರಿಗೂ ಒಂದೇ ಮದ್ದು ಅಂತ ಮಾರೋರನ್ನ ನಾನಂತೂ ಅನ್‌ಫಾಲೋ ಮಾಡಿದೀನಿ.

ಸೋದರಿಕೆ ಮದುವೆ ನಮ್ಮ ಕಡೆ ಇನ್ನೂ ಇದೆ. ಅಂಥ ಮನೆಗಳಲ್ಲಿ ಒಂದೇ ಕೆಟ್ಟ ಜೀನ್ ಎರಡೂ ಕಡೆಯಿಂದ ಬರೋ ಸಾಧ್ಯತೆ ಜಾಸ್ತಿ. ಒಬ್ಬರಿಗೆ ವಿಲ್ಸನ್ ಅಂತ ಗೊತ್ತಾದ್ರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ಅದು ಇರೋ ಸಾಧ್ಯತೆ ನಾಲ್ಕರಲ್ಲಿ ಒಂದು. ತಮ್ಮ ಚೆನ್ನಾಗಿ ಆಟ ಆಡ್ಕೊಂಡಿದ್ರೂ ಸರಿ, ಅವನನ್ನೂ ಟೆಸ್ಟ್‌ಗೆ ಕರ್ಕೊಂಡು ಹೋಗಿ.