ನೊರೆ ಬಾರದ ಸೀಮೆಸುಣ್ಣ

ಸಕ್ಕರೆ, ಉಪ್ಪು, ಅಡುಗೆ ಸೋಡಾ, ಕಾರ್ನ್‌ಫ್ಲೋರ್, ಪ್ಲಾಸ್ಟರ್ ಆಫ್ ಪ್ಯಾರಿಸ್ – ಐದೂ ಬಿಳಿ. ಹೆಸರು ಬರೆಯದ ಬಟ್ಟಲುಗಳಲ್ಲಿ ಇವನ್ನಿಟ್ಟು, ಯಾವುದು ಯಾವುದೆಂದು ಮಕ್ಕಳೇ ಪತ್ತೆ ಮಾಡಲಿ ಎಂಬ ಪಾಠವನ್ನು 1960ರ ದಶಕದಲ್ಲಿ ಅಮೆರಿಕದ ‘ಎಲಿಮೆಂಟರಿ ಸೈನ್ಸ್ ಸ್ಟಡಿ’ ಯೋಜನೆ ರೂಪಿಸಿತು. ನಮ್ಮ ದೇಶದಲ್ಲಿ 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ಶುರುವಾದ ವಿಜ್ಞಾನ ಕಾರ್ಯಕ್ರಮವೂ ಮಕ್ಕಳು ತಾವೇ ಮಾಡಿ ನೋಡಿ ಕಲಿಯಬೇಕೆಂಬ ನಂಬಿಕೆಯದೇ. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಉತ್ತರ ಗೊತ್ತಿರುವ ಶಿಕ್ಷಕರು ಅದನ್ನು ಹೇಳದೆ ಇಡೀ ಪೀರಿಯಡ್ ಕಳೆಯುವುದು ಸರಿಯೇ ಎಂಬ ಪ್ರಶ್ನೆ ಮಾತ್ರ ಇನ್ನೂ ಉಳಿದಿದೆ. ಸರಿ ಎಂಬುದೇ ನನ್ನ ವಾದ.

ಅಡುಗೆಮನೆಯಲ್ಲಿ ಉಪ್ಪೋ ಸಕ್ಕರೆಯೋ ಎಂಬುದು ನಾಲಿಗೆಯ ತುದಿಯಲ್ಲೇ ತೀರ್ಮಾನವಾಗುತ್ತದೆ. ತರಗತಿಯಲ್ಲಿ ರುಚಿ ನೋಡಕೂಡದು ಎಂಬುದು ಮೊದಲ ನಿಯಮ. ಅಪಾಯ ತಪ್ಪಿಸಲು ಮಾಡಿದ ನಿಯಮವಾದರೂ ಅದರಿಂದ ಇನ್ನೊಂದು ದೊಡ್ಡ ಲಾಭವಿದೆ. ಒಬ್ಬರ ನಾಲಿಗೆಗೆ ತಿಳಿದದ್ದನ್ನು ಉಳಿದವರು ನಂಬಬೇಕಷ್ಟೆ. ಹಿಟ್ಟಿನ ಮೇಲೆ ಬಿದ್ದ ಅಯೋಡಿನ್ ಹನಿ ಕಡುನೀಲಿಗೆ ತಿರುಗುವುದನ್ನಾದರೆ ಎಲ್ಲರೂ ನೋಡುತ್ತಾರೆ. ಒಪ್ಪದವರು ಮುಂದೆ ಬಂದು ತಾವೇ ಇನ್ನೊಂದು ಹನಿ ಹಾಕಬಹುದು. ಶಿಕ್ಷಕರ ಮಾತಿಗೂ ಹಿಂದಿನ ಬೆಂಚಿನ ಹುಡುಗಿಯ ಮಾತಿಗೂ ಆಗ ಒಂದೇ ತೂಕ.

ಒಂದು ಹನಿಯಿಂದಲೇ ತೀರ್ಪು ಬರುವುದೂ ಇಲ್ಲ. ಮೈದಾ, ಅಕ್ಕಿಹಿಟ್ಟು, ಕಾರ್ನ್‌ಫ್ಲೋರ್ ಎಲ್ಲದರಲ್ಲೂ ಪಿಷ್ಟ ಇರುವುದರಿಂದ ಎಲ್ಲವೂ ನೀಲಿಯಾಗುತ್ತವೆ. ವಿನೆಗರ್ ಬಿದ್ದರೆ ಅಡುಗೆ ಸೋಡಾ ಬುಸ್ಸೆಂದು ನೊರೆಯುಕ್ಕಿಸುತ್ತದೆ. ಅದೇ ಸಾಲಿನಲ್ಲಿ ಸದ್ದಿಲ್ಲದೆ ಬೇಕಿಂಗ್ ಪೌಡರ್ ಇಟ್ಟು ನೋಡಿ: ವಿನೆಗರ್‌ಗೂ ನೊರೆ, ಬರೀ ನೀರಿಗೂ ನೊರೆ, ಸಾಲದ್ದಕ್ಕೆ ಅಯೋಡಿನ್‌ಗೆ ನೀಲಿ ಬೇರೆ. ಅದರಲ್ಲಿ ಸೋಡಾ ಜೊತೆ ಒಣ ಆಮ್ಲವನ್ನೂ, ಸಾಮಾನ್ಯವಾಗಿ ಪಿಷ್ಟವನ್ನೂ ಬೆರೆಸಿರುತ್ತಾರೆ. ಸೋಡಾ ಎಂದವರೂ ಹಿಟ್ಟು ಎಂದವರೂ ಜಗಳಕ್ಕೆ ನಿಂತು, ಕೊನೆಗೆ ಎರಡೂ ಇರಬಹುದಲ್ಲ ಎಂದು ಯಾರಿಗಾದರೂ ಹೊಳೆಯುತ್ತದೆ. ಹೆಸರನ್ನು ಮೊದಲೇ ಹೇಳಿಬಿಟ್ಟರೆ ಈ ಹೊಳಹಿಗೆ ಜಾಗವೇ ಇಲ್ಲ.

ಇನ್ನು ಸೀಮೆಸುಣ್ಣ. ಚಾಕ್ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಆಮ್ಲ ತಾಗಿದರೆ ಗುಳ್ಳೆ ಏಳುತ್ತದೆ ಎನ್ನುತ್ತದೆ ಪುಸ್ತಕ. ಬೋರ್ಡಿನ ಮೇಲೆ ಬರೆಯುವ ಚಾಕ್‌ಪೀಸನ್ನು ಕುಟ್ಟಿ ವಿನೆಗರ್ ಹಾಕಿದರೆ ಎಷ್ಟೋ ಸಲ ಏನೂ ಆಗುವುದಿಲ್ಲ. ಕಾರಣ, ಪ್ಲಾಸ್ಟರ್ ಆಫ್ ಪ್ಯಾರಿಸನ್ನು ನೀರಿನಲ್ಲಿ ಕಲಸಿ ಅಚ್ಚಿಗೆ ಹೊಯ್ದು ಮಾಡಿದ ಚಾಕ್‌ಪೀಸ್ ಅದು. ಅದರಲ್ಲಿರುವುದು ಜಿಪ್ಸಮ್, ಎಂದರೆ ಕ್ಯಾಲ್ಸಿಯಂ ಸಲ್ಫೇಟ್. ಉತ್ತರದ ಪಟ್ಟಿ ಮೊದಲೇ ಬೋರ್ಡಿನ ಮೇಲಿದ್ದರೆ ಮಗು ‘ನೊರೆ ಬಂತು’ ಎಂದೇ ಬರೆಯುತ್ತದೆ. ಅದಕ್ಕೆ ಅಂಕವೂ ಸಿಗುತ್ತದೆ. ಕಣ್ಣೆದುರು ಇದ್ದದ್ದನ್ನು ಬಿಟ್ಟು ದೊಡ್ಡವರಿಗೆ ಬೇಕಾದ್ದನ್ನು ಬರೆಯುವ ಅಭ್ಯಾಸ, ಅದೂ ವಿಜ್ಞಾನದ ತರಗತಿಯಲ್ಲೇ ಬೇರೂರುತ್ತದೆ. ನನಗೆ ಇದಕ್ಕಿಂತ ದುಃಖ ಕೊಡುವ ಪಾಠ ಇನ್ನೊಂದಿಲ್ಲ.

ಹೀಗೆ ಕಲಿಸುತ್ತ ಕೂತರೆ ಪಠ್ಯ ಮುಗಿಯುವುದು ಯಾವಾಗ ಎಂದು ಶಿಕ್ಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಪರಮಾಣುವಿನ ರಚನೆಯನ್ನು ಯಾವ ಮಗುವೂ ಬೆಂಚಿನ ಮೇಲೆ ಕಂಡುಹಿಡಿಯಲಾರದು. ಅದನ್ನು ಹೇಳಿಯೇ ಕೊಡಬೇಕು. ಆದರೆ ಪುಡಿಗಳ ಪಾಠಕ್ಕೆ ಬೇಕಾದದ್ದು ಮೆಡಿಕಲ್ ಶಾಪಿನ ಅಯೋಡಿನ್, ಒಂದಿಷ್ಟು ವಿನೆಗರ್, ಮನೆಯ ಡಬ್ಬಿಗಳಲ್ಲಿ ಇರುವ ಸಾಮಾನು. ಹಾಲಿಗೆ ಪಿಷ್ಟ ಬೆರೆಸಿದ್ದಾರೋ ಎಂದು ಮನೆಯಲ್ಲೇ ನೋಡಲು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿಕೊಡುವುದೂ ಇದೇ ಅಯೋಡಿನ್ ಪರೀಕ್ಷೆಯನ್ನು. ಇಷ್ಟಕ್ಕೆ ಎರಡು ಪೀರಿಯಡ್ ಹೆಚ್ಚಲ್ಲ.

ಬದಲಾಗಬೇಕಾದದ್ದು ಅಂಕ ಕೊಡುವ ರೀತಿ. ‘ನೊರೆ ಬರಲಿಲ್ಲ’ ಎಂದು ಬರೆದ ಮಗುವಿಗೆ ಪೂರ್ತಿ ಅಂಕ ಸಿಗಲಿ. “ಹಾಗಾದರೆ ಇದೂ ಪ್ಲಾಸ್ಟರ್ ಆಫ್ ಪ್ಯಾರಿಸ್ಸಾ, ಮಿಸ್?” ಎಂದು ಅದು ಕೇಳಿದರೆ, ಹೌದು ಅಲ್ಲ ಎನ್ನದೆ ಎರಡನ್ನೂ ಒಂದೊಂದು ಚಮಚ ನೀರಿನಲ್ಲಿ ಕಲಸಿಡಲು ಹೇಳಲಿ. ಪ್ಲಾಸ್ಟರ್ ಗಟ್ಟಿಯಾಗುತ್ತದೆ, ಒಮ್ಮೆ ನೀರು ಹಿಡಿದು ಗಟ್ಟಿಯಾಗಿದ್ದ ಚಾಕ್‌ಪೀಸಿನ ಪುಡಿ ಕೆಸರಾಗಿಯೇ ಉಳಿಯುತ್ತದೆ. ಯಾಕೆ ಹೀಗೆ ಎಂಬ ಮುಂದಿನ ಪ್ರಶ್ನೆಯನ್ನು ಮಕ್ಕಳೇ ಎತ್ತುತ್ತಾರೆ.