ಕಣ್ಣಿಗೆ ಬಿದ್ದ ಚಿಟ್ಟೆ, ಬೀಳದ ಹುಳು



ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ನಾನು ಬರೆಯುತ್ತಿದ್ದ ನಿಂಬೆ ಚಿಟ್ಟೆಯ ಜೀವನಚಕ್ರ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ದುಂಡುಹುಳುಗಳ ಪಾಠವನ್ನು ಮಾತ್ರ ಮನುಷ್ಯನ ಕರುಳಿನ ಜಂತುವಿನೊಂದಿಗೇ ಮುಗಿಸಿಬಿಡುತ್ತಿದ್ದೆ. ಅದು ತಪ್ಪಾಯಿತೆಂದು ಇಂದು ಒಪ್ಪಿಕೊಳ್ಳುತ್ತೇನೆ.

ಒಮ್ಮೆ ಚನ್ನಪಟ್ಟಣದ ಕಡೆಯ ಹುಡುಗನೊಬ್ಬ, "ಸಾರ್, ನಮ್ಮ ಹಿಪ್ಪುನೇರಳೆ ಸೊಪ್ಪು ಹಳದಿಯಾಗುತ್ತಿದೆ, ಬೇರಿನಲ್ಲಿ ಗಂಟುಗಳಿವೆ" ಎಂದ. ಅವರೆ ಗಿಡದ ಬೇರಿನ ಗಂಟುಗಳ ಪಾಠ ಆಗಷ್ಟೇ ಮುಗಿದಿತ್ತು. ನಾನು ಬೇರನ್ನು ನೋಡದೆಯೇ, "ಗಂಟಿದ್ದರೆ ಒಳ್ಳೆಯದೇ, ಗೊಬ್ಬರ ಹಾಕಿಸು" ಎಂದುಬಿಟ್ಟೆ. ಮೇಷ್ಟರ ಮಾತೆಂದು ಆ ಮನೆಯವರು ನಂಬಿದರು. ಮರುವರ್ಷ ಸೊಪ್ಪು ಸಾಲದೆ ಹುಳು ಸಾಕುವುದನ್ನೇ ನಿಲ್ಲಿಸಿದರು.

ಅದು ಬೇರುಗಂಟು ರೋಗ. ಅದನ್ನು ತರುವ ದುಂಡುಹುಳುವಿನ ಮರಿ ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಅದರ ವೈಜ್ಞಾನಿಕ ಹೆಸರಾದ ಮೆಲಾಯ್ಡೊಗೈನೆ ಇನ್‌ಕಾಗ್ನಿಟಾದಲ್ಲಿ ಎರಡನೆಯ ಪದಕ್ಕೆ 'ಅಪರಿಚಿತ' ಎಂದೇ ಅರ್ಥ. ನಿಂಬೆ ಚಿಟ್ಟೆ ಎಳೆಯ ಎಲೆಯ ಮೇಲೆ ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ. ಈ ಹುಳುವಿನ ಹೆಣ್ಣು ಗಂಡಿನ ನೆರವಿಲ್ಲದೆಯೇ ನೂರಾರು ಮೊಟ್ಟೆಗಳನ್ನು ಅಂಟಿನ ಮುದ್ದೆಯಲ್ಲಿ ಇಡುತ್ತದೆ. ಚಿಟ್ಟೆಯ ಮರಿಯೂ ನಿಂಬೆಯ ಸಸಿಯನ್ನು ಬೋಳಿಸುತ್ತದೆ. ಆದರೆ ಅದು ಕಾಣಿಸುವುದರಿಂದ ಕೈಯಲ್ಲಿ ಆರಿಸಿ ತೆಗೆಯಬಹುದು.

ಇವೆರಡೂ ದೂರದ ದಾಯಾದಿಗಳೆಂಬುದು ವಿಶೇಷ. ರೇಷ್ಮೆಹುಳು ನಾಲ್ಕು ಜ್ವರ ಕಳೆದು ಹಣ್ಣಾಗುವುದನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಮಕ್ಕಳು ಬಲ್ಲರು. ಬೇರುಗಂಟಿನ ಹುಳುವೂ ನಾಲ್ಕು ಬಾರಿ ಪೊರೆ ಕಳಚುತ್ತದೆ, ಮೊದಲನೆಯದು ಮೊಟ್ಟೆಯೊಳಗೇ. ಪೊರೆ ಕಳಚುವ ಕೀಟಗಳೂ ದುಂಡುಹುಳುಗಳೂ ಒಂದೇ ಮೂಲದವೆಂದು ವಿಜ್ಞಾನಿಗಳು 1997ರಲ್ಲಿ ಪ್ರತಿಪಾದಿಸಿದರು.

ಚಿಟ್ಟೆಯ ಪಾಠ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ರೇಷ್ಮೆಯನ್ನು ನಂಬಿದ ಈ ಸೀಮೆಯ ಶಾಲೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಮಕ್ಕಳ ಕೈಗೆ ಎರಡು ಬೇರುಗಳನ್ನು ಕೊಡಬೇಕು. ಅವರೆಯ ಗಂಟು ಬೇರಿಗೆ ಹೊರಗಿನಿಂದ ಅಂಟಿಕೊಂಡಂತಿದ್ದು, ಉಗುರಿನಿಂದ ಮೀಟಿದರೆ ಕಳಚುತ್ತದೆ. ರೋಗದ ಗಂಟು ಕಳಚುವುದಿಲ್ಲ, ಏಕೆಂದರೆ ಊದಿಕೊಂಡಿರುವುದು ಬೇರೇ. ಇಷ್ಟು ತಿಳಿದ ಮಗು, ಗಂಟಿರುವ ಸಸಿಯನ್ನು ನೆಡಬೇಡಿರೆಂದೂ ಬೇವಿನ ಹಿಂಡಿ ಹಾಕಿರೆಂದೂ ಮನೆಯಲ್ಲಿ ಹೇಳಬಲ್ಲದು.

ನಿಮ್ಮಲ್ಲಿ ಈಗ ಮೇಷ್ಟರಾಗಿರುವವರು ಹಲವರಿದ್ದೀರಿ. ಮಗು ಬೇರು ತಂದರೆ ದಯಮಾಡಿ ನೋಡಿ, ಆಮೇಲೆ ಉತ್ತರ ಹೇಳಿ. ನಾನು ನೋಡಲಿಲ್ಲ.