ಯಾರೂ ಕೂಗದ ಸವಾಲು

ಈಬೇ ಹರಾಜಿನ ಭರವಸೆ ಸೊಗಸಾಗಿದೆ: ನಿಮ್ಮ ಗರಿಷ್ಠ ಮೊತ್ತವನ್ನು ನಮ್ಮ ಕಿವಿಯಲ್ಲಿ ಹೇಳಿ, ಎದುರಾಳಿಯನ್ನು ದಾಟಲು ಬೇಕಾದಷ್ಟೇ ಏರಿಸುತ್ತೇವೆ. ನೀವು 100 ಡಾಲರ್ ಬರೆದು ಇನ್ನೊಬ್ಬರು 40ಕ್ಕೆ ನಿಂತರೆ, ಹಳೇ ಪುಸ್ತಕ 41ಕ್ಕೆ ನಿಮ್ಮದು. ಗೆದ್ದವರು ಎರಡನೆಯವರ ಬೆಲೆಯನ್ನಷ್ಟೇ ಕೊಡುವುದಾದರೆ ಮನಸ್ಸಿನ ಬೆಲೆಯನ್ನು ತಗ್ಗಿಸಿ ಹೇಳಿ ಲಾಭವಿಲ್ಲವೆಂದು ವಿಲಿಯಂ ವಿಕ್ರಿ 1961ರಲ್ಲೇ ತೋರಿಸಿದ್ದರು.

ಆದರೆ ಮಾರುವವನು 90 ಡಾಲರಿನ ಕನಿಷ್ಠ ಬೆಲೆಯೊಂದನ್ನು ಬಚ್ಚಿಟ್ಟಿದ್ದಾನೆ ಎನ್ನಿ. ನೀವು 100 ಬರೆದ ಕೂಡಲೇ ಬೆಲೆ 41ರಲ್ಲಿ ನಿಲ್ಲದೆ 90ಕ್ಕೆ ನೆಗೆಯುತ್ತದೆ. ಆ 49 ಡಾಲರನ್ನು ಏರಿಸಿದ ಎದುರಾಳಿ ಯಾರು? ಯಾರೂ ಇಲ್ಲ. 80 ಬರೆದಿದ್ದರೆ 'ಕನಿಷ್ಠ ಬೆಲೆ ಮುಟ್ಟಿಲ್ಲ' ಎಂಬ ಒಂದು ಸಾಲು ಕಾಣುತ್ತದೆ. ಎಷ್ಟು ಕಡಿಮೆಯಾಯಿತೆಂದು ಹೇಳುವುದಿಲ್ಲ. ಕತ್ತಲಲ್ಲಿ ತಡಕಾಡುತ್ತಾ ನೀವೇ ಏರಿಸಿಕೊಂಡು ಹೋಗಬೇಕು. ನಮ್ಮ ದನದ ಜಾತ್ರೆಯಲ್ಲೂ ಟವೆಲಿನಡಿ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರೆ, ಆದರೆ ಅಲ್ಲಿ ಗುಟ್ಟು ಸುತ್ತ ನಿಂತವರಿಗೆ, ಕೊಳ್ಳುವವನಿಗಲ್ಲ.

ಮಾರುವವನಿಗೆ ಕನಿಷ್ಠ ಬೆಲೆಯೇ ಇರಬಾರದೆಂದು ನಾನು ಹೇಳುತ್ತಿಲ್ಲ. ಇರಲಿ, ಮೊದಲ ಸವಾಲಾಗಿ ಎಲ್ಲರೆದುರು ಇಡಲಿ. ಕಡಿಮೆಯಿಂದ ಶುರುಮಾಡಿದರೆ ಜನ ಸೇರುತ್ತಾರೆ ಎಂಬ ಸಮರ್ಥನೆಯೊಂದಿದೆ. ರಮಾ ಕಟ್ಕರ್ ಮತ್ತು ಡೇವಿಡ್ ರೈಲಿ 50 ಜೋಡಿ ಪೋಕೆಮಾನ್ ಕಾರ್ಡುಗಳನ್ನು ಈಬೇಯಲ್ಲೇ ಹರಾಜಿಗಿಟ್ಟು ಇದನ್ನು ಪರೀಕ್ಷಿಸಿದರು. ಒಂದರ ಕನಿಷ್ಠ ಬೆಲೆ ಬಹಿರಂಗ, ಇನ್ನೊಂದರದು ಗುಟ್ಟು. ಬಚ್ಚಿಟ್ಟ ಕಡೆ ನಿಜವಾಗಿ ಕೊಳ್ಳಬಯಸಿದವರು ದೂರ ಸರಿದರು, ಮಾರಾಟವೂ ಕಡಿಮೆಯಾಯಿತು, ಬೆಲೆಯೂ ಇಳಿಯಿತು. ಇಷ್ಟಕ್ಕೂ ಆ ಗುಟ್ಟನ್ನು ಕಾಯಲು ಈಬೇ ಮಾರುವವನಿಂದ ಶುಲ್ಕವನ್ನೂ ವಸೂಲು ಮಾಡುತ್ತದೆ.